ಬಟ್ಟೆಮಲ್ಲಪ್ಪದವರೆಗಿನ ಟಿಕೆಟ್

ಗುತ್ಯಪ್ಪ ತೀರಿಕೊಂಡು ಎರಡು ತಿಂಗಳಾಯಿತು. ಶಿವಮೊಗ್ಗದ ಆಸ್ಪತ್ರೆಯ ಗೋಡೆಯ ಮೇಲೆ ಮಾತ್ರ ಅವನು ಇನ್ನೂ ನಗುತ್ತಾ ನಿಂತಿದ್ದಾನೆ. ಫೋಟೋದ ಕೆಳಗೆ ‘ಸೊಂಟದ ಮೂಳೆ ಜೋಡಣೆ ಆಪರೇಷನ್ನಿನ ನಂತರ ಸಂಪೂರ್ಣ ಆರಾಮ’ ಎಂದು ಬರೆದಿದೆ. ಕೂತು ತೆಗೆಸಿಕೊಳ್ಳಿ ಎಂದು ಫೋಟೋದವನು ಕುರ್ಚಿ ತಂದಿಟ್ಟಿದ್ದ. ‘ಬೇಡ ಮಾರಾಯ, ನಾನು ನಿಂತ್ರೇ ಚಂದ ಕಾಣಾದು’ ಎಂದು ಗುತ್ಯಪ್ಪನೇ ಕುರ್ಚಿಯನ್ನು ಪಕ್ಕಕ್ಕೆ ಸರಿಸಿದ್ದ. ಕೂತರೆ ಏಳುವುದು ಎಷ್ಟು ಹೊತ್ತಿನ ಕೆಲಸ ಎಂದು ಅವನಿಗಷ್ಟೇ ಗೊತ್ತಿತ್ತು.

ಇಪ್ಪತ್ತೆಂಟು ವರ್ಷ ಅವನು ಒಂದೇ ಮಾಲೀಕರ ಖಾಸಗಿ ಬಸ್ಸು ಓಡಿಸಿದ. ಬೆಳಿಗ್ಗೆ ಸಾಗರ ಬಿಟ್ಟು, ಬಟ್ಟೆಮಲ್ಲಪ್ಪ, ಹೊಸನಗರ, ರಿಪ್ಪನ್‌ಪೇಟೆ, ಕೋಣಂದೂರು ದಾಟಿ ತೀರ್ಥಹಳ್ಳಿ. ಮಧ್ಯಾಹ್ನ ಅದೇ ದಾರಿಯಲ್ಲಿ ವಾಪಸ್ಸು. ರಸ್ತೆಯ ಗುಂಡಿಗಳು ಮೊದಲು ಬಸ್ಸಿನ ಸ್ಪ್ರಿಂಗ್ ಪ್ಲೇಟನ್ನು ಮುರಿದವು, ಆಮೇಲೆ ಅವನ ಸೊಂಟವನ್ನು. ಪ್ಲೇಟನ್ನು ಮಾಲೀಕರು ಅದೇ ವಾರ ಬದಲಾಯಿಸಿದರು. ಎಡಗಾಲಿನಲ್ಲಿ ಸೊಂಟದಿಂದ ಹಿಮ್ಮಡಿಯವರೆಗೆ ಬೆಂಕಿ ಹರಿದಂತಾಗಿ, ಮಲಗಲೂ ಆಗದೆ ಎರಡು ವರ್ಷ ಒದ್ದಾಡಿದ ಮೇಲೆ ಗುತ್ಯಪ್ಪ ಆಪರೇಷನ್‌ಗೆ ಒಪ್ಪಿದ. ನಾಲ್ಕು ಸ್ಕ್ರೂ, ಎರಡು ಸರಳು. ಡಾಕ್ಟರು ಒಳ್ಳೆಯವರು, ಕೈ ಇನ್ನೂ ಒಳ್ಳೆಯದು. ಕಾಲಿನ ಬೆಂಕಿ ಮೂರನೆಯ ದಿನಕ್ಕೇ ಆರಿತು.

ಸೊಂಟ ಆರಲಿಲ್ಲ. ಇದನ್ನು ಅವನು ಯಾರಿಗೂ ಹೇಳಲಿಲ್ಲ.

ಹೇಳದಿರುವುದಕ್ಕೆ ಕಾರಣ ದೊಡ್ಡದೇನಲ್ಲ. ಆರು ತಿಂಗಳಿಗೊಮ್ಮೆ ಆಸ್ಪತ್ರೆಯಿಂದ ವಿನಯಾ ಎಂಬ ಹುಡುಗಿ ಫೋನ್ ಮಾಡಿ, ಒಂದು ಪಟ್ಟಿ ಹಿಡಿದು ಪ್ರಶ್ನೆ ಕೇಳುತ್ತಿದ್ದಳು. ನಮ್ಮ ಕಡೆ ಯಾರಾದರೂ ಆರಾಮಾ ಎಂದು ಕೇಳಿದರೆ ಆರಾಮ ಎನ್ನಬೇಕು. ಹಾಗೆನ್ನದಿದ್ದರೆ ಕೇಳಿದವರ ಮುಖ ಸಣ್ಣದಾಗುತ್ತದೆ. ಮಂಚ ಹಿಡಿದವರೂ ಮೊದಲು ಆರಾಮ ಎಂದೇ ಆಮೇಲೆ ನರಳುತ್ತಾರೆ. ಅಷ್ಟು ದೂರದಿಂದ ತಮ್ಮದೇ ದುಡ್ಡಿನಲ್ಲಿ ಫೋನ್ ಮಾಡಿ ವಿಚಾರಿಸುವ ಹುಡುಗಿಗೆ ನೋವು ಎನ್ನುವುದು ಗುತ್ಯಪ್ಪನಿಗೆ, ಮನೆಗೆ ಬಂದ ನೆಂಟರ ಮುಂದೆ ಖಾಲಿ ಲೋಟ ಇಟ್ಟಂತೆ ಕಾಣುತ್ತಿತ್ತು.

“ನೋವು ಸೊನ್ನೆಯಿಂದ ಹತ್ತರ ಒಳಗೆ ಎಷ್ಟಿದೆ ಅಂಕಲ್?”

“ಒಂದು ಅಂತ ಬರ್ಕಳವ್ವ.” ಸೊನ್ನೆ ಎಂದರೆ ಅನುಮಾನ ಬರುತ್ತದೆ ಎಂದು ಅವನ ಲೆಕ್ಕ.

“ಎಷ್ಟು ಹೊತ್ತು ಕೂರೋಕಾಗುತ್ತೆ?”

“ತೀರ್ಥಳ್ಳಿ ತನ್ಕ.”

“ಸಾಕ್ಸ್ ಹಾಕ್ಕೊಳ್ಳೋಕೆ ಕಷ್ಟ ಆಗುತ್ತಾ?”

“ಇಲ್ಲ.” ಹುಟ್ಟಿದ ಮೇಲೆ ಅವನು ಸಾಕ್ಸ್ ಹಾಕಿದವನೇ ಅಲ್ಲ. ಇಡೀ ಪಟ್ಟಿಯಲ್ಲಿ ನಿಜವಾದ ಉತ್ತರ ಇದೊಂದೇ. “ನಿಂದು ಊಟ ಆಯ್ತನವ್ವ?”

ಒಳಗಿನಿಂದ ಹೆಂಡತಿ ಕೆರಿಯಮ್ಮ ಕೂಗುತ್ತಿದ್ದಳು: “ನೆಲಕ್ಕೆ ಬಿದ್ದ ಬೀಡಿಕಟ್ಟು ಬೆಳಗಿಂದ ಅಲ್ಲೇ ಬಿದ್ದೈತಲ್ಲ, ಅದ್ಯಾರು ಎತ್ತಾದು ಅಂತನೂ ಕೇಳು ಆ ಹುಡ್ಗೀನ!”

ಹೀಗೆ ಗುತ್ಯಪ್ಪನಿಗೆ ಒಳ್ಳೆಯ ಅಂಕ ಬಂತು. ಅಂಕ ಬಂದವರನ್ನು ವೇದಿಕೆಗೆ ಕರೆಯುವುದು ವಾಡಿಕೆ. ಹೊಸನಗರದಲ್ಲಿ ಆಸ್ಪತ್ರೆಯವರು ಉಚಿತ ತಪಾಸಣೆ ಇಟ್ಟಾಗ ಅವನಿಗೆ ಶಾಲು ಹೊದಿಸಿ ಮೈಕು ಕೊಟ್ಟರು. ಮೈಕಿನ ಮುಂದೆ ಅವನು ಒಂದು ಮಾತು ಜಾಸ್ತಿ ಆಡಿದ: “ನಾಳೆ ಬಸ್ ಕೊಟ್ರೆ ನಾಳೆನೇ ಓಡುಸ್ತೀನಿ.”

ಮುಂದಿನ ಸಾಲಿನಲ್ಲಿ ದುರ್ಗೇಶ ಕೂತಿದ್ದ. ಅದೇ ಬಸ್ಸಿನ ಕಂಡಕ್ಟರ್; ಗುತ್ಯಪ್ಪನ ಹಿಂದೆ ಹದಿನೆಂಟು ವರ್ಷ ಶಿಳ್ಳೆ ಹೊಡೆದವನು. ಈಗ ಅವನ ಕಾಲಿಗೂ ಅದೇ ಬೆಂಕಿ. ಆ ಭಾಷಣ ಕೇಳಿ ಅವನು ಅಲ್ಲೇ ಆಪರೇಷನ್‌ಗೆ ಹೆಸರು ಬರೆಸಿದ. ಮೂರು ತಿಂಗಳು ರಜೆ, ಆಮೇಲೆ ಮತ್ತೆ ಬಸ್ಸು ಹತ್ತುತ್ತೇನೆ ಎಂದು ಮಾಲೀಕರಿಗೆ ಮಾತೂ ಕೊಟ್ಟ. ಮಾಲೀಕರು ಖುಷಿಯಾಗಿ, ಅವನಿಗೆಂದು ಎತ್ತಿಟ್ಟಿದ್ದ ಹೊಸನಗರದ ಬುಕಿಂಗ್ ಕೌಂಟರಿನ ಕೆಲಸವನ್ನು ಬೇರೊಬ್ಬನಿಗೆ ಕೊಡಲು ಹೊರಟರು.

ಇದನ್ನು ಕೇಳಿ ಗುತ್ಯಪ್ಪ ಲೆಕ್ಕ ಹಾಕಿದ. ನಿಜ ಹೇಳಿದರೆ ಡಾಕ್ಟರ ಮರ್ಯಾದೆ, ವಿನಯಾಳ ಪಟ್ಟಿ, ಹೊದ್ದುಕೊಂಡ ಶಾಲು ಎಲ್ಲ ಹೋಗುತ್ತದೆ. ಹೇಳದಿದ್ದರೆ ದುರ್ಗೇಶನ ಹೊಟ್ಟೆಪಾಡು ಹೋಗುತ್ತದೆ. ಕೊನೆಗೆ, ಸಾಗರದ ಸಂತೆಗೆ ಹೋಗುವ ದಿನ ಬಸ್ಸಿನಲ್ಲೇ ಹೇಳಿಬಿಡೋಣ ಎಂದು ಹೊಸನಗರದಲ್ಲಿ ಹತ್ತಿದ. ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತ. ಹತ್ತು ನಿಮಿಷ ದಾಟಿತು, ಇಪ್ಪತ್ತು ದಾಟಿತು; ದುರ್ಗೇಶ ಪಕ್ಕಕ್ಕೆ ಬಂದಾಗಲೆಲ್ಲ ಮಳೆಯ ಸುದ್ದಿ ಮಾತ್ರ ಬಾಯಿಗೆ ಬಂತು.

ಬಟ್ಟೆಮಲ್ಲಪ್ಪ ಬಂತು. ಗುತ್ಯಪ್ಪ ಕಂಬಿ ಹಿಡಿದು ಎದ್ದು ನಿಂತ. ಆಗಷ್ಟೇ ಹತ್ತಿದವನಿಗೆ, “ಕೂತ್ಕ ಮಾರಾಯ, ಸುಸ್ತಾಗೈತಿ ನಿಂಗೆ” ಎಂದು ಸೀಟು ಬಿಟ್ಟುಕೊಟ್ಟ.

ಹತ್ತಿದವನು ಕಾಲೇಜಿನ ಕಬಡ್ಡಿ ಆಟಗಾರ. ಬಾಗಿಲಿನಷ್ಟು ಅಗಲ ಇದ್ದ. ನಾಚಿಕೊಂಡು, “ನೀವು ಕೂತ್ಕಳಿ ಅಜ್ಜ” ಎಂದ.

“ಕೂತ್ಕ ಅಂದ್ರೆ ಕೂತ್ಕ!” ಗುತ್ಯಪ್ಪ ಗದರಿದ.

ದುರ್ಗೇಶ ಟಿಕೆಟ್ ಮಿಷನ್ ಕೆಳಗಿಳಿಸಿ ನೋಡಿದ. ಹೋದ ತಿಂಗಳು ಇದೇ ನಿಲ್ದಾಣದಲ್ಲಿ ಮುದುಕಿಯೊಬ್ಬಳಿಗೆ, ಅದಕ್ಕೂ ಹಿಂದೆ ಬಸುರಿಯೊಬ್ಬಳಿಗೆ ಗುತ್ಯಪ್ಪ ಸೀಟು ಬಿಟ್ಟಿದ್ದ. ಎಂಥ ದೊಡ್ಡ ಮನಸ್ಸು ಎಂದು ದುರ್ಗೇಶ ಹತ್ತು ಜನರೆದುರು ಹೊಗಳಿದ್ದ. ಸೀಟು ಯಾರಿಗೆ ಸಿಕ್ಕಿತು ಎಂದಷ್ಟೇ ನೋಡಿದ್ದ, ಎಲ್ಲಿ ಸಿಕ್ಕಿತು ಎಂದು ನೋಡಿರಲಿಲ್ಲ. ಹದಿನೆಂಟು ವರ್ಷ ಕಂಡಕ್ಟರಾಗಿದ್ದವನ ಕಣ್ಣಿಗೆ ಬಿದ್ದ ಮಣ್ಣು ಅದು.

ಅವನು ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದ: “ಗುತ್ಯಣ್ಣ, ನಿಜ ಹೇಳು. ನಿಂಗೆ ಕೂರಾಕೆ ಎಲ್ಲಿ ತನ್ಕ ಟಿಕೆಟ್ ಕೊಡ್ಲಿ?”

ಗುತ್ಯಪ್ಪ ಕಿಟಕಿಯಾಚೆ ನೋಡಿದ. ಅಂಗಡಿಗಳು ಹಿಂದಾದವು.

“ಇಲ್ಲಿ ತನ್ಕನೇ ಕಣಾ. ಬಟ್ಟೆಮಲ್ಲಪ್ಪ.”

“ಹಂಗಾರೆ ಸ್ಟೇಜ್ ಮೇಲೆ ಬಸ್ ಓಡುಸ್ತೀನಿ ಅಂದಿದ್ದು?”

“ಶಾಲು ಹೊದ್ಸಿದ್ರಲ್ಲ, ಬಾಯಿಗೆ ಬಂತು.”

“ಥೂ ನಿನ್ನ! ನಿನ್ನ ಶಾಲಿಗೆ ನನ್ನ ಸೊಂಟ ಕೊಯ್ಸಾಕೆ ಹೊಂಟಿದ್ಯಲ್ಲ!” ದುರ್ಗೇಶನಿಗೆ ಸಿಟ್ಟೂ ಬಂತು, ನಗುವೂ ಬಂತು. ಕಬಡ್ಡಿ ಹುಡುಗ ಏನೂ ಅರ್ಥವಾಗದೆ ಎದ್ದು ನಿಂತ. ಸೀಟು ಖಾಲಿಯೇ ಸಾಗರದವರೆಗೆ ಹೋಯಿತು.

ಸಾಗರದಲ್ಲಿ ಇಳಿದು, ಹೋಟೆಲಿನ ಗೋಡೆಗೆ ಒರಗಿ ನಿಂತೇ ಚಾ ಕುಡಿಯುತ್ತಾ ಗುತ್ಯಪ್ಪ ಎಲ್ಲ ಹೇಳಿದ. ಕಾಲಿನ ಉರಿ ನಿಜವಾಗಿ ಹೋಗಿದೆ. ಎರಡು ಮೈಲಿ ನಡೆಯುತ್ತಾನೆ. ಬಗ್ಗಲಾಗುವುದಿಲ್ಲ, ಭಾರ ಎತ್ತಲಾಗುವುದಿಲ್ಲ, ಅರ್ಧ ಗಂಟೆಯಾಚೆ ಕೂರಲಾಗುವುದಿಲ್ಲ.

“ತಿರ್ಗಾ ಮಾಡುಸ್ಕ ಅಂದ್ರೆ ಮಾಡುಸ್ಕತಿಯಾ?” ದುರ್ಗೇಶ ಕೇಳಿದ.

ಗುತ್ಯಪ್ಪ ಲೋಟ ಖಾಲಿಯಾಗುವವರೆಗೂ ಯೋಚಿಸಿದ. “ಮಾಡುಸ್ಕತೀನಿ. ಬಸ್ ಓಡುಸ್ತೀನಿ ಅಂತ ಅಲ್ಲ. ನಿದ್ದೆ ಬತ್ತದೆ ಅಂತ. ನಿಂಗೆ ನಿದ್ದೆ ಬೇಕಾದ್ರೆ ಹೋಗು. ಬಸ್ ಬೇಕಾದ್ರೆ, ಡಾಕ್ಟ್ರ ಹತ್ರ ಕೂತು ಸರಿಯಾಗಿ ಕೇಳು.”

ದುರ್ಗೇಶ ಕೇಳಿದ. ಬಸ್ಸಿನ ಮಾತು ನಾನು ಕೊಡಲಾರೆ ಎಂದು ಡಾಕ್ಟರು ನೇರವಾಗಿಯೇ ಹೇಳಿದರು. ಅವರನ್ನು ಅಲ್ಲಿಯವರೆಗೆ ಯಾರೂ ಕೇಳಿಯೇ ಇರಲಿಲ್ಲ. ದುರ್ಗೇಶ ಮೊದಲು ಮಾಲೀಕರ ಹತ್ತಿರ ಹೋಗಿ ಹೊಸನಗರದ ಬುಕಿಂಗ್ ಕೌಂಟರ್ ತನಗೇ ಬೇಕೆಂದು ಹಟ ಹಿಡಿದು ಪಡೆದ, ಆಮೇಲೆ ಆಪರೇಷನ್ ಮಾಡಿಸಿಕೊಂಡ. ಈಗ ಸ್ವಲ್ಪ ಹೊತ್ತು ಕೂತು, ಸ್ವಲ್ಪ ಹೊತ್ತು ನಿಂತು ಟಿಕೆಟ್ ಹರಿಯುತ್ತಾನೆ. ರಾತ್ರಿ ನಿದ್ದೆ ಮಾಡುತ್ತಾನೆ.

ಅದರ ಮುಂದಿನ ಸಲ ವಿನಯಾ ಫೋನ್ ಮಾಡಿದಾಗ ಗುತ್ಯಪ್ಪ ಮೊದಲ ಬಾರಿಗೆ ಇದ್ದದ್ದು ಇದ್ದ ಹಾಗೆ ಹೇಳಿದ. ನೋವು ಐದು. ಕೂರುವುದು ಬಟ್ಟೆಮಲ್ಲಪ್ಪದವರೆಗೆ. ಹುಡುಗಿ ಗಾಬರಿಯಾಗಿ, “ಬಿದ್ರಾ ಅಂಕಲ್? ಒಂದೇ ಸಲ ಇಷ್ಟು ಜಾಸ್ತಿ ಆಯ್ತಾ?” ಎಂದು ಕೇಳಿ, ಸ್ಕ್ಯಾನಿಂಗಿಗೆ ಬರೆಸಿದಳು. ಸ್ಕ್ಯಾನಿಂಗಿನಲ್ಲಿ ನಾಲ್ಕು ಸ್ಕ್ರೂ, ಎರಡು ಸರಳು ಹಾಕಿದ ಜಾಗದಲ್ಲೇ ಭದ್ರವಾಗಿದ್ದವು. ಸುಳ್ಳು ಹೇಳಿದಷ್ಟು ದಿನ ಆರೋಗ್ಯವಂತನಾಗಿದ್ದವನು ನಿಜ ಹೇಳಿದ ಕೂಡಲೇ ರೋಗಿಯಾದ. ಅದನ್ನು ನೆನೆದು ಅವನೇ ವಾರವಿಡೀ ನಕ್ಕ.

ಎರಡು ತಿಂಗಳ ಹಿಂದೆ, ಒಂದು ಬೆಳಿಗ್ಗೆ, ಅವನು ನಿದ್ದೆಯಿಂದ ಏಳಲಿಲ್ಲ. ಹೃದಯ ಎಂದರು. ಸೊಂಟದ ಗಲಾಟೆಯಲ್ಲಿ ಅದನ್ನು ಯಾರೂ ವಿಚಾರಿಸಿರಲಿಲ್ಲ.

ಮೊನ್ನೆ ಕೌಂಟರಿನಲ್ಲಿದ್ದ ದುರ್ಗೇಶನಿಗೆ ವಿನಯಾಳ ಫೋನ್ ಬಂತು. ಅವನ ಉತ್ತರಗಳೆಲ್ಲ ಬರೆದಾದ ಮೇಲೆ ಅವಳು, “ಗುತ್ಯಪ್ಪ ಅಂಕಲ್ ಫೋನ್ ತೆಗೀತಿಲ್ಲ. ಆರಾಮಿದ್ದಾರಾ?” ಎಂದಳು.

ಆರಾಮ ಎಂಬ ಮಾತು ಅಭ್ಯಾಸದಿಂದ ದುರ್ಗೇಶನ ನಾಲಿಗೆಯವರೆಗೆ ಬಂದು ನಿಂತಿತು.

“ಇಲ್ಲ ಕಣವ್ವ. ಗುತ್ಯಣ್ಣ ಹೋದ.”

ಯಾವತ್ತು ಎಂದು ಕೇಳಿ ಅವಳು ತಾರೀಖು ಬರೆದುಕೊಂಡಳು. ಆಮೇಲೆ, ತೀರಿಕೊಂಡವರ ಪಟ್ಟಿಯನ್ನು ಮುಚ್ಚಬೇಕಾಗುತ್ತದೆ, ಕೊನೆಯ ಉತ್ತರಗಳು ಹಾಗೇ ಇರಲೇ, ಅವು ಹಿಂದಿನವುಗಳಿಗೆ ಹೊಂದುವುದೇ ಇಲ್ಲ ಎಂದಳು.

“ಹಿಂದಿನವು ಹೊಡ್ದಾಕವ್ವ,” ಎಂದ ದುರ್ಗೇಶ. “ಕೊನೇದು ಇರ್ಲಿ.”