ಯಾರದೋ ನೀರಡಿಕೆ

ಮೈಮೇಲೆ ದೇವರು ಬಂತು, ಸತ್ತವರು ಕನಸಿನಲ್ಲಿ ಮಾತಾಡಿದರು ಎಂದು ಯಾರಾದರೂ ಸುದ್ದಿ ಎತ್ತಿದರೆ ನಾನು ಮೊದಲೆಲ್ಲ ನಕ್ಕುಬಿಡುತ್ತಿದ್ದೆ. ನನ್ನ ಕೆಲಸವೇ ಅಂಥದು. ಜಡ್ಡು ಬರೀ ಕ್ರಿಮಿಯಿಂದ ಬರುವುದಿಲ್ಲ. ಕೂಲಿ, ಜಾತಿ, ನೀರು, ದವಾಖಾನೆಯ ದೂರ ಎಲ್ಲವೂ ಅದರಲ್ಲಿ ಸೇರಿರುತ್ತವೆ ಎಂದು ಕಾಲೇಜಿನಲ್ಲಿ ಪಾಠ ಹೇಳುವವಳು ನಾನು. ಎಲ್ಲಕ್ಕೂ ಒಂದು ಕಾರಣ ಇದ್ದೇ ಇರುತ್ತದೆ ಎಂದು ಈಗಲೂ ಹೇಳುತ್ತೇನೆ. ಆದರೆ ಒಂದು ಮಧ್ಯಾಹ್ನದ ಸಂಗತಿಗೆ ಮಾತ್ರ ಕಾರಣ ಸಿಕ್ಕಿಲ್ಲ. ಅದನ್ನು ನೆನೆದರೆ ಹೆದರಿಕೆಗಿಂತ ನಾಚಿಕೆಯೇ ಹೆಚ್ಚು.

ಕಾಲುವೆ ನೀರು ಬಂದು ಕೆಲವು ವರ್ಷಗಳಾಗಿದ್ದವು. ಜೋಳದ ಹೊಲಗಳಲ್ಲಿ ಭತ್ತ ನಿಂತಿತ್ತು. ನೀರು ಬಂದ ಮೇಲೆ ಮನೆಮಂದಿಯ ಆರೋಗ್ಯ ಹೇಗಿದೆ ಎಂದು ತಿಳಿಯಲು ದೇವಾಪುರದ ಕಡೆಯ ಊರುಗಳಲ್ಲಿ ತಿರುಗುತ್ತಿದ್ದೆ. ಆ ದಿನ ಕೊನೆಗೆ ಹೋದದ್ದು ಕೂಲಿ ಮಾಡುವ ಶರಣಮ್ಮನ ಮನೆಗೆ. ಬಿಸಿಲಲ್ಲಿ ಬಂದವಳೆಂದು ಕಂಬಳಿ ಹಾಸಿ ಕೂಡಿಸಿ, ತಂಬಿಗೆ ತುಂಬ ನೀರು ಕೊಟ್ಟಳು. ಗಟಗಟ ಕುಡಿದೆ. ಎದುರಿನ ಕೋಣೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು, ಒಳಗಿನಿಂದ ಸಗಣಿ ಕುಳ್ಳಿನ ಹೊಗೆ ಬರುತ್ತಿತ್ತು. ಸೊಸೆ ಮಲ್ಲಮ್ಮ ಹಡೆದು ಇನ್ನೂ ವಾರ ಆಗಿಲ್ಲ ಎಂದಳು. ಕುಡಿಯುವ ನೀರು ಎಲ್ಲಿಂದ ತರುತ್ತೀರಿ, ಸೋಸುತ್ತೀರಾ, ಎಲ್ಲರಿಗೂ ಸಾಲುತ್ತದೆಯೇ ಎಂದೆಲ್ಲ ನಾನು ಕೇಳಿದೆ.

"ನೀರಿಗೇನ್ ಈಗ ಬರ ಇಲ್ರಿ ಅವ್ವಾರ," ಎಂದಳು. ನಾನು ಸಮಾಧಾನದಿಂದ ಎದ್ದು ಬಂದೆ.

ಜೀಪು ಊರು ದಾಟುವಷ್ಟರಲ್ಲಿ ನನಗೆ ನೀರಡಿಕೆ ಶುರುವಾಯಿತು. ಬಾಟಲಿಯಲ್ಲಿದ್ದುದನ್ನೆಲ್ಲ ಕುಡಿದೆ. ರಸ್ತೆಬದಿಯ ಹೋಟೆಲಿನಲ್ಲಿ ಇಳಿದು ಮತ್ತೆ ಕುಡಿದೆ. ಹೊಟ್ಟೆ ಗಡಿಗೆಯಾಯಿತೇ ಹೊರತು ಗಂಟಲು ಹಸಿಯಾಗಲಿಲ್ಲ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಪಕ್ಕದಲ್ಲೇ ಕಾಲುವೆ ದಂಡೆ ತುಂಬ ಹರಿಯುತ್ತಿತ್ತು. ಅಲ್ಲಿ ನಿಂತಾಗ ಮೂಗಿಗೆ ಕುಳ್ಳಿನ ಹೊಗೆ ಬಡಿಯಿತು. ಸುತ್ತ ಎಲ್ಲೂ ಬೆಂಕಿ ಇರಲಿಲ್ಲ.

"ಗಾಡಿ ತಿರುಗಸ್ರಿ, ಆ ಮನಿಗೇ ಹೋಗೂಣು," ಎಂದುಬಿಟ್ಟೆ.

"ಯಾಕ್ರಿ ಮೇಡಂ, ಏನರೆ ಮರ್ತು ಬಂದೀರೇನು?" ಎಂದು ಡ್ರೈವರ್ ಖಾಸಿಂಸಾಬ ಕೇಳಿದ. ಹೌದೆಂದೆ. ಏನು ಮರೆತಿದ್ದೆ ಎಂಬುದು ನನಗೇ ಗೊತ್ತಿರಲಿಲ್ಲ.

ಹೊರಗಿನವರು ಬಾಣಂತಿ ಕೋಣೆಗೆ ಹೋಗಬಾರದೆಂದು ಶರಣಮ್ಮ ಬಾಗಿಲಿಗೆ ಅಡ್ಡ ನಿಂತಳು. ನಾನು ಹೋಗಿಯೇಬಿಟ್ಟೆ. ಮಲ್ಲಮ್ಮನ ಮೈ ಸುಡುತ್ತಿತ್ತು. ತುಟಿ ಒಡೆದಿದ್ದವು, ಕಣ್ಣು ಒಳಗೆ ಹೋಗಿದ್ದವು. ನೀರು ಕೊಟ್ಟಿದ್ದೀಯಾ ಎಂದು ಕೇಳಿದರೆ ಅತ್ತೆ ಬೆಚ್ಚಿಬಿದ್ದಳು.

"ಹಸಿ ಬಾಣಂತಿಗಿ ಯಾರರೆ ನೀರು ಕೊಡ್ತಾರೇನ್ರಿ? ಕೂಸಿಗಿ ಥಂಡಿ ಆಗ್ತದ. ನಮಗೂ ಯಾರೂ ಕೊಟ್ಟಿಲ್ರಿ."

ಅವಳಲ್ಲಿ ಕೆಟ್ಟತನವಿರಲಿಲ್ಲ. ನನ್ನ ಬಾಣಂತನದಲ್ಲಿ, ತವರೂರು ಬಳಿಚಕ್ರದಲ್ಲಿ, ನನ್ನ ತಾಯಿಯೂ ನನ್ನನ್ನು ಹೀಗೆಯೇ ಒಣಗಿಸಿದ್ದಳು, ನಾನು ಕದ್ದು ಕುಡಿದಿದ್ದೆ. ಅಂಥವಳು ಆ ಬೇವಿನ ಸೊಪ್ಪಿನ ಎದುರೇ ಕೂತು, ತಂಬಿಗೆ ಕೈಯಲ್ಲಿ ಹಿಡಿದು, ಎಲ್ಲರಿಗೂ ನೀರು ಸಾಲುತ್ತದೆಯೇ ಎಂದು ಕೇಳಿ ಎದ್ದು ಬಂದಿದ್ದೆ!

ಚಮಚದಿಂದ ಸ್ವಲ್ಪ ಸ್ವಲ್ಪವೇ ಕುಡಿಸಿದೆ. ಅವಳ ಗಂಟಲಿಗೆ ನೀರು ಇಳಿದ ಹಾಗೆ ನನ್ನ ಗಂಟಲು ಹಸಿಯಾಯಿತು. ಅದೇ ಜೀಪಿನಲ್ಲಿ ಅವಳನ್ನೂ ಕೂಸನ್ನೂ ಸುರಪುರದ ದವಾಖಾನೆಗೆ ಒಯ್ದೆವು. ಇನ್ನೊಂದಿಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಇಬ್ಬರೂ ಉಳಿದರು. ಶರಣಮ್ಮ ನನ್ನ ಕಾಲಿಗೆ ಬೀಳಲು ಬಂದಾಗ ಎಲ್ಲಿ ಮುಖ ಮುಚ್ಚಿಕೊಳ್ಳಲಿ ಅನ್ನಿಸಿತು.

ನನ್ನ ನೀರಡಿಕೆಯ ಸಂಗತಿ ಕೇಳಿ, ಬಿಸಿಲಿಗೆ ಹಾಗಾಗಿರಬೇಕು ಎಂದರು ಕಾಲೇಜಿನ ಒಬ್ಬರು. ಬೇವಿನ ಸೊಪ್ಪು ಕಂಡು ಹಳೆಯದು ನೆನಪಾಗಿರಬೇಕು ಎಂದರು ಇನ್ನೊಬ್ಬರು. ಇರಬಹುದು. ಆದರೆ ಚೇತರಿಸಿಕೊಂಡ ಮೇಲೆ ಮಲ್ಲಮ್ಮ ಒಂದು ಮಾತು ಹೇಳಿದಳು.

"ಅಕ್ಕೋರೆ, ನೀವು ಹೊರಗ ಗಟಗಟ ಕುಡ್ಯಾದು ಕೇಳ್ತಿತ್ರಿ. ನನ್ನ ಜೀವ ಬಾಯಿಗಿ ಬಂದಿತ್ತು. ನೀವು ಎದ್ದು ಹೋದ್ರಿ ನೋಡ್ರಿ, ಆವಾಗಿಂದ ನನಗ ನೀರಡಿಕಿನೇ ಆಗಲಿಲ್ಲ."

ಅವಳು ದೂರಲಿಲ್ಲ, ನಗುತ್ತಲೇ ಹೇಳಿದಳು. ಬಾಣಂತಿಯರ ಪಾಠ ಬಂದಾಗಲೂ ಇದನ್ನು ನಾನು ವಿದ್ಯಾರ್ಥಿಗಳಿಗೆ ಹೇಳಿಲ್ಲ. ಯಾರ ಮನೆಯಲ್ಲಾದರೂ ತಂಬಿಗೆ ಕೈಗೆ ಕೊಟ್ಟರೆ, ಒಳಗೆ ಯಾರಿದ್ದಾರೆ ಎಂದು ಮೊದಲು ಕೇಳುತ್ತೇನೆ. ಆಮೇಲೂ ಸಪ್ಪಳವಾಗದಂತೆ ಕುಡಿಯುತ್ತೇನೆ.