ಕಾಕುವಿನ ಬೀಜದ ಗದ್ದೆಯೂ ನನ್ನ ಫೋಕಸ್ ಲೈಟೂ

ತುಂಬಿದ ಸಭೆಯಲ್ಲಿ ವಾದ ಮಾಡಿ ಗೆದ್ದು, ಚಪ್ಪಾಳೆ ಹೊಡೆಸಿಕೊಂಡು ಮನೆಗೆ ಬಂದು, ಮರುದಿನ ಸಂಜೆಯೊಳಗೆ ನೀವು ಹೇಳಿದ್ದೆಲ್ಲ ತಪ್ಪು ಅಂತ ನಿಮ್ಮ ಕಣ್ಣಿಗೇ ಬಿದ್ದದ್ದು ಯಾವತ್ತಾದರೂ ಆಗಿದೆಯೇ? ನನಗೆ ಈ ಸಲ ಆಯಿತು. ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ. ಬರಹ ಸ್ವಲ್ಪ ಉದ್ದವಿದೆ, ಒಲೆಯ ಮೇಲೆ ಹಾಲಿಟ್ಟು ಬಂದವರು ಮೊದಲು ಅದನ್ನು ಇಳಿಸಿ ಬನ್ನಿ.

ನಮ್ಮ ಮನೆ ಸಾಂಬ್ರಾಣಿಯಿಂದ ಆಚೆ, ಹೊಲ ಮುಗಿದು ಕಾಡು ಶುರುವಾಗುವ ಕಡೆ ಇದೆ. ಯಜಮಾನರಿಗೆ ದಾಂಡೇಲಿಯ ಪೇಪರ್ ಮಿಲ್ಲಿನಲ್ಲಿ ಪಾಳಿ ಕೆಲಸ. ಎರಡನೇ ಪಾಳಿ ಇದ್ದ ದಿನ ಬೈಕಿನಲ್ಲಿ ಒಬ್ಬರೇ ಬರುತ್ತಾರೆ. ಈ ಶ್ರಾವಣದಲ್ಲಿ ಒಂದು ದಿನ ಅವರು ಬೈಕ್ ನಿಲ್ಲಿಸಿ ಕಾಲಿಡುವ ಜಾಗದಲ್ಲೇ ಕೊಳಕುಮಂಡಲ ಹಾವು ಸುತ್ತಿಕೊಂಡು ಮಲಗಿತ್ತು. ಮರುದಿನವೇ ನಾನು ಹಳಿಯಾಳಕ್ಕೆ ಹೋಗಿ ದೊಡ್ಡ ಫೋಕಸ್ ಲೈಟ್ ತಂದು ಮಾಳಿಗೆಯ ಮೂಲೆಗೆ ಹಾಕಿಸಿದೆ. ಸ್ವಿಚ್ ಒತ್ತಿದರೆ ಅಂಗಳ, ಬೇಲಿ, ಬೇಲಿಯಾಚೆಯ ಗದ್ದೆ ಎಲ್ಲ ಹಗಲು. ಸಂಜೆ ಹಾಕಿದರೆ ಬೆಳಗಾದ ಮೇಲೇ ಆರಿಸುತ್ತಿದ್ದೆ.

ಬೇಲಿಯಾಚೆಯ ಗದ್ದೆ ಪಕ್ಕದ ಮನೆಯ ಕಾಕುವಿನದು. ಅರವತ್ತು ದಾಟಿದ ಹೆಂಗಸು, ಊರಿಗೆಲ್ಲ ಕಾಕು, ಅಂದರೆ ಚಿಕ್ಕಮ್ಮ. ಮಗ ಸೊಸೆ ಜೊತೆಗಿದ್ದಾರೆ, ಆದರೂ ಹೊಲದ ಯಜಮಾನಿಕೆ ಇವರದೇ. ದೂರದ ಹೊಲದಲ್ಲಿ ಎಲ್ಲರಂತೆ ಅಂಗಡಿಯ ಬೀಜದ ಭತ್ತ. ಮನೆ ಪಕ್ಕದ ಈ ಸಣ್ಣ ತುಂಡಿನಲ್ಲಿ ಮಾತ್ರ ಅವರ ಅತ್ತೆಯ ಕಾಲದ ಕೆಂಪಕ್ಕಿ ಭತ್ತ, ಆಳೆತ್ತರ ಬೆಳೆದು ಎಲ್ಲಕ್ಕಿಂತ ತಡವಾಗಿ ತೆನೆ ಬಿಡುವಂಥದು. ಬೀಜದ ಗದ್ದೆ ಯಾವಾಗಲೂ ಮನೆಗೆ ಹತ್ತಿರ ಇರಬೇಕು ಅನ್ನುವುದು ಅವರ ಮನೆಯ ಪದ್ಧತಿ. ಹಕ್ಕಿ, ದನ, ಹಂದಿ ಎಲ್ಲದರ ಮೇಲೂ ಅಡುಗೆಮನೆಯಿಂದಲೇ ಕಣ್ಣಿಡಬಹುದಲ್ಲ. ಊರಿನಲ್ಲಿ ಬೇರೆ ಯಾರ ಹತ್ತಿರವೂ ಆ ಬೀಜ ಉಳಿದಿಲ್ಲ. ಇದ್ದಷ್ಟನ್ನೂ ಕಾಕು ಈ ತುಂಡಿಗೇ ಹಾಕಿದ್ದರು. ಇಲ್ಲಿ ಒಂದು ಬುಟ್ಟಿ ಬಂದರೆ ಬರುವ ಮಳೆಗಾಲಕ್ಕೆ ಬೀಜ, ಬಾರದಿದ್ದರೆ ಆ ಭತ್ತವೇ ಮುಗಿಯಿತು.

ಲೈಟ್ ಹಾಕಿದ ವಾರ ಕಾಕು ಬೇಲಿಗೆ ಬಂದು ನಿಂತು, "ತಂಗಿ, ನಿನ್ನ ಲೈಟು ಬಂದಾಗಿಂದ ಒಂದು ಹಂದಿನೂ ಈ ಕಡೆ ಮಾರಿ ಹಾಕಿಲ್ಲ ನೋಡು. ನಿನ್ನ ಹೊಟ್ಟಿ ತಣ್ಣಗಿರಲಿ," ಅಂದರು. ಇದನ್ನು ನೆನಪಿಟ್ಟುಕೊಳ್ಳಿ, ನಾನು ಕದ್ದು ಹಾಕಿದ ಲೈಟಲ್ಲ ಅದು.

ದಸರೆ ಮುಗಿದ ಮೇಲೆ ಸಮುದಾಯ ಭವನದಲ್ಲಿ ಗ್ರಾಮಸಭೆ ಕರೆದರು. ಮೇಲಿನಿಂದ ಒಂದು ನಿಯಮದ ಕರಡು ಬಂದಿದೆ, ಜನ ಏನನ್ನುತ್ತಾರೋ ಬರೆದು ಕಳಿಸಬೇಕು ಅಂತ ಪಿಡಿಒ ಓದಿದರು. ಕಾಡಂಚಿನ ಊರುಗಳಲ್ಲಿ ರಾತ್ರಿ ಎಂಟರ ಮೇಲೆ ಮನೆ ಹೊರಗಿನ ದೀಪ ಹಚ್ಚಬಾರದು. ಅಲ್ಲಿಯವರೆಗೆ ಹಚ್ಚುವ ದೀಪಕ್ಕೂ ಮುಚ್ಚಳ ಇರಬೇಕು, ಬೆಳಕು ನೆಲಕ್ಕಷ್ಟೇ ಬೀಳಬೇಕು. ಹೊಲದ ಕಡೆ, ಕಾಡಿನ ಕಡೆ ಮುಖ ಮಾಡಿದ ಲೈಟ್ ತೆಗೆಯಬೇಕು. ಓದು ಮುಗಿಯುವ ಮೊದಲೇ ಹಿಂದಿನ ಸಾಲಿನಿಂದ ದನಿ ಬಂತು.

"ಕತ್ತಲದಾಗ ಕುಂಡ್ರಾಕ ನಾವೇನ್ ಗೂಗಿ ಏನ್ರಿ?"

ರಿಟೈರಾದ ಮಾಸ್ತರರೊಬ್ಬರು ಎದ್ದು ನಿಂತರು. ಇಡೀ ಭವನದಲ್ಲಿ ಕರಡಿನ ಪರ ಇದ್ದವರು ಅವರೊಬ್ಬರೇ. "ಗೂಗಿಗೂ ಕತ್ತಲ ಬೇಕು ಅಂತನ ಹೇಳಾಕತ್ತೇನಿ. ಮೊದಲ ಮಳಿ ಬಿದ್ದ ಕೂಡಲೇ ಈ ಭವನದ ಹಿಂದಿನ ಮರ ಪೂರಾ ಮಿಂಚುಹುಳದಿಂದ ಹೊಳೀತಿತ್ತು. ಈಗ ಎಲ್ಲಿ ಹೋದ್ವು? ಬೆಳಕಿನಾಗ ಒಂದಕ್ಕೊಂದು ಕಾಣಂಗಿಲ್ಲ ಅವಕ್ಕ. ಜೋಡಿನ ಸಿಗಂಗಿಲ್ಲ."

"ಜೋಡಿ ಹುಡುಕಿ ಕೊಡೂದು ಪಂಚಾಯ್ತಿ ಕೆಲಸ ಏನ್ರಿ ಸರ? ಮೊದಲ ನನ್ನ ತಮ್ಮಗ ಹುಡುಕ್ರಿ," ಅಂದರು ಯಾರೋ. ಸಭೆ ನಕ್ಕಿತು.

ನನಗೆ ಅಷ್ಟು ಸಾಕಾಯಿತು, ಎದ್ದೆ. "ಸರ್, ನಮ್ಮನಿಯವ್ರು ಪಾಳಿ ಮುಗಿಸಿ ಬರೂ ಮುಂದ ನಿಮ್ಮ ಮಿಂಚುಹುಳ ದಾರಿ ತೋರಸ್ತಾವೇನ್ರಿ? ಹಾವಿಗೆ ಎಂಟ್ರ ಮ್ಯಾಲೆ ಬರಬ್ಯಾಡ ಅಂತ ಯಾರು ನೋಟಿಸ್ ಕೊಡ್ತೀರಿ? ಜೋಯಿಡಾ ಕಡೆ ಹೋಮ್‌ಸ್ಟೇದವ್ರು ಮರಕ್ಕೆಲ್ಲಾ ನೀಲಿ ಲೈಟು, ಹಸರು ಲೈಟು ಸುತ್ತಿ ಕುಂತಾರ. ಅವ್ರನ್ನ ಬಿಟ್ಟು ನಮ್ಮ ಅಂಗಳಕ್ಕ ಬಂದೀರಿ. ನಮ್ಮ ಅಂಗಳ, ನಮ್ಮ ಮೀಟರ್, ನಮ್ಮ ಲೈಟು."

"ಅವರಿಗೂ ಇದ ರೂಲ್ಸ್ ಬರ್ತೈತ್ರಿ ಅಕ್ಕಾರ," ಅಂದರು ಪಿಡಿಒ ಮೆಲ್ಲಗೆ.

"ಹಂಗಾದ್ರ ಮೊದಲ ಅವರದು ಆರಿಸಿ ಬರ್ರಿ. ಆ ಮ್ಯಾಲೆ ನಮ್ಮದು ನೋಡೂಣು."

ಚಪ್ಪಾಳೆ ಬಿತ್ತು. ಅಷ್ಟರಲ್ಲಿ ಕಾಕು ಸೆರಗು ಸರಿಮಾಡಿಕೊಂಡು ಎದ್ದರು. "ನನ್ನ ಬೀಜದ ಗದ್ದಿ ಈ ಹೆಣ್ಮಗಳ ಲೈಟಿನ್ಯಾಗ ಉಳದೈತ್ರಿ. ಆರಿಸಿದ್ರ ಹಂದಿ ಪಾಲು. ಆಮ್ಯಾಲೆ ಬೀಜ ನೀವು ಕೊಡ್ತೀರೇನು?" ಪಿಡಿಒ ಕಾಗದ ಮಡಚಿದರು. ಊರಿನ ಅಭಿಪ್ರಾಯ ಮುಂದಿನ ಸಭೆಯಲ್ಲಿ ಬರೆದು ಕಳಿಸುವುದು ಅಂತಾಯಿತು. ಮಾಸ್ತರರು ಛತ್ರಿ ಹಿಡಿದು ಒಬ್ಬರೇ ಹೋದರು. ನಾನು ಗೆದ್ದೆ. ಸುಳ್ಳೇಕೆ ಹೇಳಲಿ, ದಾರಿಯುದ್ದಕ್ಕೂ ನನ್ನ ಮಾತನ್ನು ನಾನೇ ಮನಸ್ಸಿನಲ್ಲಿ ಮತ್ತೆ ಮತ್ತೆ ಹೇಳಿಕೊಂಡು ಬಂದೆ.

ಮರುದಿನ ಸಂಜೆ ಕಾಕು ಬೇಲಿಯ ಹತ್ತಿರ ಕರೆದರು. ದನಿ ಸರಿ ಇರಲಿಲ್ಲ. "ತಂಗಿ, ಇಲ್ಲಿ ಬಾ. ಈ ಭತ್ತ ಇಷ್ಟೊತ್ತಿಗೆ ಹೊಡಿ ಒಡದು ತೆನಿ ಬಿಡಬೇಕಿತ್ತು. ನಡುವಿನಷ್ಟು ಬಿಟ್ರ ಒಂದರ ಹೊಟ್ಟಿನೂ ತುಂಬಿಲ್ಲ. ಯಾರದೋ ದೃಷ್ಟಿ ಬಿದ್ದೈತಿ."

ಹೊಡೆ ಅಂದರೆ ತೆನೆ ಹೊರಗೆ ಬರುವ ಮೊದಲು ದಂಟಿನೊಳಗೆ ಬಸಿರಿನ ಹಾಗೆ ಉಬ್ಬುವುದು. ಗದ್ದೆಯಿಡೀ ಹುಲ್ಲಿನ ಹಾಗೆ ಹಚ್ಚಗೆ ನೆಟ್ಟಗೆ ನಿಂತಿತ್ತು. ನಡುವೆ ಒಂದೇ ಒಂದು ಉದ್ದನೆಯ ಪಟ್ಟಿಯಲ್ಲಿ ಮಾತ್ರ ತೆನೆ ಬಂದು ಬಾಗಿತ್ತು. ಅಲ್ಲಿ ಎಮ್ಮೆಯ ಸಗಣಿ ಹೆಚ್ಚು ಬಿದ್ದಿರಬೇಕು ಅಂತ ಕಾಕುವಿನ ಲೆಕ್ಕ. ಎಮ್ಮೆ ಅಷ್ಟು ನೇರ ಗೆರೆ ಹೊಡೆದು ಸಗಣಿ ಹಾಕುತ್ತದೆಯೇ ಅಂತ ನಾನು ತಮಾಷೆ ಮಾಡುತ್ತಿದ್ದೆ. ಕತ್ತಲಾಗುತ್ತ ಬಂದಿತ್ತು. ಒಳಗಿದ್ದ ಯಜಮಾನರು ಎಂದಿನಂತೆ ಸ್ವಿಚ್ ಒತ್ತಿದರು.

ಬೆಳಕು ಗದ್ದೆಯ ಮೇಲೆ ಬಿತ್ತು. ನಮ್ಮ ಅಂಗಳದ ಸಾಗವಾನಿ ಮರದ ನೆರಳು ಅದರ ನಡುವೆ ಉದ್ದಕ್ಕೆ ಮಲಗಿತು. ತೆನೆ ಬಂದ ಪಟ್ಟಿ ಆ ನೆರಳಿನೊಳಗೇ ಇತ್ತು. ಬುಡದಲ್ಲಿ ಸಪೂರ, ಮುಂದೆ ಹೋದಂತೆ ಅಗಲ, ನೆರಳು ಹೇಗೋ ತೆನೆ ಹಾಗೇ. ಒಂದು ಗೇಣು ಆಚೆಯಿಲ್ಲ, ಈಚೆಯಿಲ್ಲ.

"ಆರಸ್ರಿ," ಅಂತ ಕೂಗಿದೆ. ಆರಿತು. "ಹಚ್ಚರಿ." ಹತ್ತಿತು. "ಮತ್ತ ಆರಸ್ರಿ."

"ಏನ್ ನಾಟಕ ನಡಸೀರಿ ಇಬ್ರೂ?" ಅಂತ ಯಜಮಾನರು ಮಾಳಿಗೆಯಿಂದ ಇಣುಕಿದರು. ನಾನು ಆಗಲೇ ಗದ್ದೆಗೆ ಇಳಿದಿದ್ದೆ. ಏನೋ ದೊಡ್ಡದನ್ನು ಕಂಡುಹಿಡಿದ ಖುಷಿಯೂ ಇತ್ತು, ಕಾಕುವಿನ ಬೀಜದ ಭತ್ತ ಹಾಳು ಮಾಡಿದವಳು ನಾನೇ ಅನ್ನುವುದೂ ಅದರ ಜೊತೆಗೇ ಇತ್ತು. ಕಾಕು ತೆನೆಯ ಪಟ್ಟಿಯ ಅಂಚಿನಲ್ಲಿ ನಿಂತು ಎರಡು ಕೈಯಲ್ಲಿ ಎರಡು ಗಿಡ ಹಿಡಿದು ನೋಡುತ್ತಿದ್ದರು. ಎರಡನ್ನೂ ನನ್ನ ಮುಂದೆ ಹಿಡಿದರು. "ನಿನ್ನೆ ಸಭಾದಾಗ ಎದ್ದು ಏನೇನ್ ಮಾತಾಡಿದ್ನಲ್ಲ ನಾ."

ಮಾಸ್ತರರ ಮನೆಗೆ ಹೋಗುವುದಕ್ಕೆ ನನಗೆ ಎಷ್ಟು ಕಷ್ಟವಾಯಿತು ಅಂತ ಕೇಳಬೇಡಿ. ಬೆಳಗ್ಗೆ ಎರಡು ಗಿಡ ಕಿತ್ತುಕೊಂಡು ಇಬ್ಬರೂ ಹೋದೆವು. ಅವರು ಕನ್ನಡಕ ಹಾಕಿ ನೋಡಿದರು. ಮೊದಲ ಮಾತಿನಲ್ಲೇ ಚುಚ್ಚಿದರು. "ಏನ್ರಿ ಬಾಯಾರ, ನಿಮ್ಮ ಮೀಟರ್ ತರಲಿಲ್ಲೇನು?"

"ಅಂದ್ರಿ, ಅನಿಸಿಕೊಂಡೆ. ಈಗ ಹೇಳ್ರಿ."

"ಹಳೀ ಭತ್ತಕ್ಕ ರಾತ್ರಿ ಉದ್ದ ಆಗಿದ್ದು ತಿಳೀಬೇಕು. ತಿಳಿದ ಮ್ಯಾಲೆನ ತೆನಿ ಕಟ್ತೈತಿ. ಅಂಗಡಿ ಬೀಜಕ್ಕ ಆ ಹಂಗಿಲ್ಲ, ದಿನ ತುಂಬಿದ್ವು ಅಂದ್ರ ಬಿಡ್ತೈತಿ. ನೀವು ಇದಕ್ಕ ರಾತ್ರಿನ ಕೊಟ್ಟಿಲ್ಲ. ಪಾಪ, ಇನ್ನೂ ಮಳಿಗಾಲದ ಹಗಲ ಐತಿ ಅಂತ ನಿಂತೈತಿ ಅದು."

"ಈಗ ಆರಿಸಿದ್ರ ಬರ್ತೈತೇನ್ರಿ ಸರ?" ಕಾಕು ಕೇಳಿದರು.

"ಬರಬಹುದು. ನೀರು ತಪ್ಪಸಬ್ಯಾಡ್ರಿ, ಒಂದು ದಿನಾನೂ ಲೈಟು ಹಚ್ಚಬ್ಯಾಡ್ರಿ. ಖಾತ್ರಿ ನಾ ಕೊಡಂಗಿಲ್ಲ."

ಅವತ್ತೇ ಲೈಟ್ ಬಿಚ್ಚಿಸಿದೆ. ಬಾಗಿಲ ಮೇಲೆ ಒಂದು ಸಣ್ಣ ಹಳದಿ ಬಲ್ಬು ಹಾಕಿ, ಎಣ್ಣೆ ಡಬ್ಬಿ ಕತ್ತರಿಸಿ ಅದಕ್ಕೆ ಟೋಪಿ ಮಾಡಿದೆವು. ಮೆಟ್ಟಿಲು, ಬೈಕ್ ನಿಲ್ಲಿಸುವ ಜಾಗ, ಅಷ್ಟೇ ಕಾಣುತ್ತದೆ. ಹಾವು ಕಾಣಲು ಅಷ್ಟು ಸಾಕು ಅನ್ನುವುದು ನನಗೆ ಮೊದಲೇ ಹೊಳೆಯಬಾರದಿತ್ತೇ? "ನನ್ನ ಸಲುವಾಗಿ ಹಾಕಿದ ಲೈಟು ಭತ್ತದ ಸಲುವಾಗಿ ತಗದಿ. ಮನ್ಯಾಗ ನನ್ನ ಕಿಮ್ಮತ್ತು ಇಷ್ಟ," ಅಂದರು ಯಜಮಾನರು, ಡಬ್ಬಿ ಕತ್ತರಿಸುತ್ತಲೇ.

ಹಂದಿಯ ಭಯ ಇತ್ತಲ್ಲ. ಗದ್ದೆಯ ಸುತ್ತ ಗೂಟ ಹೊಡೆದು ಹಳೆಯ ಸೀರೆ ಕಟ್ಟಿದೆವು. ನಮ್ಮ ಕಡೆ ಹೊಲಕ್ಕೆ ಸೀರೆ ಸುತ್ತುವುದು ಹೊಸದಲ್ಲ. ಕಾಕುವಿನ ಸೊಸೆ ನನ್ನ ಸೀರೆಗಳನ್ನು ಕಟ್ಟುತ್ತ, "ವೈನಿ, ಇದು ಇನ್ನೂ ಛಲೋ ಐತಲ್ಲರಿ, ಹಂದಿಗ್ಯಾಕ?" ಅಂತ ಒಂದನ್ನು ಎತ್ತಿಟ್ಟುಕೊಂಡಳು. ಮಗ ಬಾವಿಯಿಂದ ದಿನ ಬಿಟ್ಟು ದಿನ ನೀರು ಹಾಯಿಸಿದ. ಎರಡು ಸಲ ಹಂದಿ ಬಂದು ಒಂದು ಮೂಲೆ ಉತ್ತು ಹೋದವು. ಕಾಕು ನನ್ನನ್ನು ಒಂದು ಮಾತೂ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ದಿನಾ ಬೆಳಗ್ಗೆ ಗದ್ದೆಗೆ ಇಳಿದು ಒಂದು ದಂಟು ಮುರಿದು, ಹೆಬ್ಬೆರಳ ಉಗುರಿನಿಂದ ಸೀಳಿ ನೋಡುತ್ತಿದ್ದರು. ನಾನು ಬೇಲಿಯಿಂದಲೇ ಹುಬ್ಬೆತ್ತುತ್ತಿದ್ದೆ, ಅವರು ಇಲ್ಲ ಅಂತ ತಲೆಯಾಡಿಸುತ್ತಿದ್ದರು. ಹೀಗೆ ವಾರ ಎರಡಾಯಿತು, ಮೂರಾಯಿತು.

ಮುಂದಿನ ಗ್ರಾಮಸಭೆಯ ದಿನ ಬೆಳಗ್ಗೆ ನಾನು ಕೂದಲು ಬಾಚಿಕೊಳ್ಳುತ್ತಿದ್ದೆ. ಬೇಲಿಯ ಕಡೆಯಿಂದ ಕಾಕು, "ಏ ತಂಗಿ, ಏ ತಂಗಿ," ಅನ್ನುತ್ತ ಓಡುತ್ತ ಬಂದರು. ಕಾಕು ಓಡಿದ್ದನ್ನು ನಾನು ಅವತ್ತೇ ನೋಡಿದ್ದು. ಅಂಗೈಯಲ್ಲಿ ಸೀಳಿದ ದಂಟು. ಅದರೊಳಗೆ ಉಗುರಿನುದ್ದದ ಬಿಳಿ ಎಳೆ, ಬೆಕ್ಕಿನ ಮರಿಯ ಬಾಲದ ಹಾಗೆ ಮೆತ್ತಗೆ. "ಕಟ್ಟೈತಿ. ನೋಡು, ತೆನಿ ಕಟ್ಟೈತಿ. ಮೂರು ಕಡೆ ಸೀಳಿ ನೋಡೇನಿ, ಮೂರರಾಗೂ ಐತಿ." ಅರ್ಧ ಬಾಚಿದ ತಲೆಯಲ್ಲೇ ಅವರನ್ನು ತಬ್ಬಿಕೊಂಡೆ.

ಆ ದಂಟು, ನೆರಳಿನ ಪಟ್ಟಿಯ ಹಣ್ಣಾದ ತೆನೆ ಎರಡನ್ನೂ ಹಿಡಿದುಕೊಂಡು ಸಭೆಗೆ ಹೋದೆವು. ನಾನು ಎದ್ದ ಕೂಡಲೇ ಹಿಂದಿನ ಸಾಲು ಚಪ್ಪಾಳೆಗೆ ಕೈ ಎತ್ತಿತು. "ಕೈ ಇಳಸ್ರಿ, ಇವತ್ತು ನಾ ಉಲ್ಟಾ ಮಾತಾಡಾಕ ಬಂದೇನಿ," ಅಂದೆ. ನಡೆದದ್ದೆಲ್ಲ ಹೇಳಿದೆ. ಸುಮ್ಮನೆ ಒಪ್ಪುವ ಜನವೇ ನಮ್ಮವರು?

"ಹೋದ ಸಲ ಹಂಗ, ಈ ಸಲ ಹಿಂಗ. ಮುಂದಿನ ಸಲ ಹೆಂಗ್ರಿ ಅಕ್ಕಾರ?"

"ನಮ್ಮ ಭತ್ತಕ್ಕೇನೂ ಆಗಿಲ್ಲಲ?"

"ನಿಂದು ಅಂಗಡಿ ಬೀಜ," ಅಂದರು ಕಾಕು. "ನಂದು ನಮ್ಮತ್ತಿ ಬೀಜ. ನಿಂಗ ಬೇಕಂದ್ರ ಮತ್ತ ಅಂಗಡಿಗೆ ಹೋಗ್ತಿ. ನಾ ಯಾರ ಬಾಗಿಲಿಗೆ ಹೋಗ್ಲಿ?"

ಸೀಳಿದ ದಂಟು ಕೈಯಿಂದ ಕೈಗೆ ಹೋಯಿತು. ಒಂದು ತಾಸು ಜಗ್ಗಾಡಿ ಬರೆಸಿದ್ದು ಇಷ್ಟು. ಹೊಲಕ್ಕೆ, ಕಾಡಿಗೆ ಮುಖ ಮಾಡಿದ ಲೈಟ್ ಬೇಡ. ಬಾಗಿಲ ಮುಂದಿನ ದೀಪಕ್ಕೆ ಮುಚ್ಚಳ ಇರಲಿ, ಆದರೆ ಎಂಟಕ್ಕೆ ಆರಿಸಿ ಅನ್ನಬಾರದು, ಪಾಳಿಯವರು ಬರುವವರೆಗೆ ಉರಿಯಲಿ. ಹೋಮ್‌ಸ್ಟೇಗಳಿಗೆ ಮೊದಲು ಹೇಳಿ ಅನ್ನುವ ಮಾತನ್ನು ಮಾತ್ರ ನಾನು ಬಿಡಲಿಲ್ಲ, ಅದನ್ನೂ ಬರೆಸಿದೆ. ಮಾಸ್ತರರು ತಮ್ಮ ಮಿಂಚುಹುಳದ ಬಗ್ಗೆ ಒಂದು ಸಾಲು ಸೇರಿಸಿದರು. ಈ ಸಲ ಯಾರೂ ನಗಲಿಲ್ಲ. ಮೇಲಿನವರು ಏನು ಮಾಡುತ್ತಾರೋ ಇನ್ನೂ ಗೊತ್ತಿಲ್ಲ.

ಊರಿನ ಭತ್ತವೆಲ್ಲ ಕಣಜ ಸೇರಿ ಬಹಳ ದಿನವಾದ ಮೇಲೆ ಕಾಕುವಿನ ಗದ್ದೆ ಕೆಂಪಾಯಿತು. ತೆನೆ ಗಿಡ್ಡ, ಜೊಳ್ಳು ಜಾಸ್ತಿ. ಮೊನ್ನೆ ಬಡಿದು ತೂರಿದೆವು. ಬುಟ್ಟಿ ತುಂಬಲಿಲ್ಲ, ಕಂಠಕ್ಕೆ ನಾಲ್ಕು ಬೆರಳು ಕಡಿಮೆ. ಕಾಕು ಕೈಯಾಡಿಸಿ ನೋಡಿ, "ಸಾಕು, ಗದ್ದಿಗೆ ಆಗ್ತೈತಿ," ಅಂದರು. ಆ ಮಾತು ಕೇಳಿ ನಾನು ಅಲ್ಲೇ ಕಣದಲ್ಲಿ ಕೂತುಬಿಟ್ಟೆ.

ಈಗ ನಿಮ್ಮ ಸರದಿ. ಮುಂಡಗೋಡ, ಚಿಗಳ್ಳಿ ಕಡೆ ಗದ್ದೆ ಇರುವವರು, ರಸ್ತೆ ದೀಪದ ಕೆಳಗಿನ ಭತ್ತ ಹಿಂದೆ ಬಿದ್ದದ್ದನ್ನು ನೋಡಿದ್ದೀರಾ? ಕ್ಯಾಸಲ್‌ರಾಕ್, ಜೋಯಿಡಾದವರೇ, ನಿಮ್ಮ ಅಂಗಳದ ಲೈಟಿನಿಂದ ಏನು ಬಂತು, ಏನು ಹೋಯಿತು? ಜೋಳ, ಕಡಲೆ, ಜೇನು, ಬಾವಲಿ, ಏನಾದರೂ ಸರಿ, ಕಂಡದ್ದನ್ನು ಕಂಡ ಹಾಗೆ ಕೆಳಗೆ ಬರೆಯಿರಿ. ನನ್ನ ಜೊತೆ ಜಗಳಕ್ಕೆ ಬರುವವರೂ ಬನ್ನಿ. ಒಂದು ಸಲ ಕತ್ತಲಾದ ಮೇಲೆ ಹೊಲಕ್ಕೆ ಹೋಗಿ ನೋಡಿಕೊಂಡು ಬನ್ನಿ, ಅಷ್ಟೇ.