ಬಲಮಗ್ಗುಲು ಮೇಲೆ ಬಂದ ಕೋಟು

ಮೆಟ್ಟಿಲ ಕೆಳಗಿನ ಆ ಜಾಗವನ್ನು ಅಂಗಡಿ ಎನ್ನುವುದಕ್ಕೆ ಧೈರ್ಯ ಬೇಕು. ಉದ್ದ ಒಂಬತ್ತು ಅಡಿ, ಅಗಲ ಐದು. ಒಳತುದಿಯಲ್ಲಿ ನೆಟ್ಟಗೆ ನಿಂತರೆ ತಲೆ ಬಡಿಯುತ್ತದೆ. ಒಂದು ಹೊಲಿಗೆ ಯಂತ್ರ, ಇಸ್ತ್ರಿ ಮೇಜು, ಬಟ್ಟೆ ಹಾಕಿ ನೋಡಲು ಪರದೆ ಕಟ್ಟಿದ ಮೂಲೆ, ನಾಲ್ಕು ಸ್ಟೂಲು. ಹದಿನೇಳು ವರ್ಷದಿಂದ ಅಲ್ಲಿ ಕೂತಿರುವ ಹೆಂಗಸನ್ನು ಬೀದಿಯವರೆಲ್ಲ ಟೇಪಕ್ಕ ಎನ್ನುತ್ತಾರೆ. ಅಳತೆಯ ಟೇಪು ಆಕೆಯ ಕೊರಳಿನಿಂದ ಇಳಿದದ್ದನ್ನು ಯಾರೂ ಕಂಡಿಲ್ಲ.

ಟೇಪಕ್ಕ ಹೊಸ ಬಟ್ಟೆ ಹೊಲಿಯುವುದಿಲ್ಲ. ಇರುವ ಬಟ್ಟೆಯನ್ನು ಬಿಗಿ ಹಿಡಿಯುವುದು, ಸಡಿಲ ಬಿಡುವುದು, ಗಿಡ್ಡ ಮಾಡುವುದು, ಇಷ್ಟೇ ಕೆಲಸ. ಆಲ್ಟರೇಷನ್ನಿಗೆ ಬರುವವರು ಸಾಮಾನ್ಯವಾಗಿ ಬಟ್ಟೆಯ ಮೇಲೆ ದೂರು ಹೇಳುತ್ತಾರೆ. ಒಗೆದು ಕುಗ್ಗಿಹೋಯಿತು ಎಂದು ಪ್ಯಾಂಟು ತಂದ ಬ್ಯಾಂಕಿನ ಮ್ಯಾನೇಜರಿಗೆ ಆಕೆ, "ಪ್ಯಾಂಟು ಕುಗ್ಗಿಲ್ಲ ಸಾರ್, ನೀವು ಹಿಗ್ಗಿದೀರ" ಎಂದದ್ದು ನನ್ನೆದುರೇ. ಅವರು ಮತ್ತೆ ಬಂದರು. ಕೆಲಸ ಅಚ್ಚುಕಟ್ಟಾಗಿದ್ದರೆ ಜನ ನಾಲಿಗೆಯನ್ನು ಸಹಿಸುತ್ತಾರೆ.

ಈ ಹೆಂಗಸಿಗೆ ಒಬ್ಬ ಗಾಯಕನ ಹುಚ್ಚು. ಅಭಿಮಾನಿ ಎಂಬ ಜಾತಿಯ ಬಗ್ಗೆ ನನಗೆ ಹೆಚ್ಚು ಗೌರವವಿಲ್ಲ. ಈಕೆಯ ವಿಷಯದಲ್ಲಿ ನಾನು ಕಂಡದ್ದನ್ನು ಮಾತ್ರ ಬರೆಯುತ್ತೇನೆ. ಅವನಿದ್ದ ಐದು ಜನರ ಹಾಡಿನ ತಂಡ ಮೂರು ವರ್ಷದ ಹಿಂದೆ ಒಡೆಯಿತು. ಒಡೆದ ಅಪವಾದ ಬಂದದ್ದು ಈ ಗಾಯಕನ ತಲೆಗೆ: ಸೋಮಾರಿ, ಅಭ್ಯಾಸಕ್ಕೆ ಬರುವುದಿಲ್ಲ ಎಂದು ಉಳಿದ ನಾಲ್ವರು ಪತ್ರಿಕೆಗಳಿಗೆ ಹೇಳಿದರು. ಆಮೇಲೆ ಅವನು ತನ್ನೊಬ್ಬನದೇ ಆಲ್ಬಮ್ ತರುವುದಾಗಿ ಪ್ರಕಟಿಸಿದ. ನಲವತ್ತೆರಡು ವರ್ಷದ ಆ ಮನುಷ್ಯನನ್ನು ಟೇಪಕ್ಕ, ಆಕೆಯ ತಂಗಿಯ ಮಗಳು, ಬೀದಿ ಕೊನೆಯ ಶಾಲೆಯ ಗಣಿತದ ಮೇಷ್ಟ್ರು ಮತ್ತು ಬಸ್ಸಿನ ಕಂಡಕ್ಟರಮ್ಮ, ಈ ನಾಲ್ವರೂ "ನಮ್ಮೋನು" ಎಂದೇ ಕರೆಯುತ್ತಾರೆ. ಶನಿವಾರ ಮಧ್ಯಾಹ್ನ ಮೂರಕ್ಕೆ ಅಂಗಡಿಯ ಬಾಗಿಲು ಅರ್ಧ ಇಳಿಸಿ ಅವನ ಹಾಡು ಹಾಕಿಕೊಂಡು ಕೂರುತ್ತಾರೆ. ಮೇಷ್ಟ್ರು ದೇಶದ ಉಳಿದ ಅಭಿಮಾನಿಗಳಿಗಾಗಿ ಫೋನಿನಲ್ಲಿ ಒಂದು ಗುಂಪನ್ನೂ ನಡೆಸುತ್ತಾರೆ. ಅದರಲ್ಲಿ ಎರಡು ಸಾವಿರ ಜನರಿದ್ದಾರೆ.

ಆಲ್ಬಮ್ ಬಿಡುಗಡೆಯ ದಿನ ಮೂರು ಸಲ ಮುಂದೆ ಹೋಯಿತು. ಮೂರನೆಯ ಸಲ ಆಲ್ಬಮ್ ತರುವ ಕಂಪನಿ ಸಮಾಧಾನಕ್ಕೆಂಬಂತೆ ಐದು ಪ್ರಚಾರದ ಫೋಟೋ ಬಿಟ್ಟಿತು. ಆ ಶನಿವಾರ ನಾಲ್ಕು ತಲೆಗಳು ಒಂದು ಫೋನಿನ ಮೇಲೆ ಬಗ್ಗಿದ್ದವು.

"ಕೂದಲು ನೋಡಿ, ಎಣ್ಣೆ ಡಬ್ಬಕ್ಕೆ ಬಿದ್ದು ಎದ್ದು ಬಂದ ಹಾಗಿದೆ," ಎಂದಳು ಕಂಡಕ್ಟರಮ್ಮ.

"ಕೂದಲು ಬಿಡ್ರೀ, ಮುಖ ನೋಡಿ," ಎಂದರು ಮೇಷ್ಟ್ರು. "ನಾಲ್ಕು ವರ್ಷದ ಹಿಂದೆ ಇದ್ದ ಮುಖಾನೇ. ಮನುಷ್ಯನಿಗೆ ವಯಸ್ಸೇ ಆಗಲ್ವಾ?"

"ನಿಮಗೊಬ್ಬರಿಗೇ ಆಗೋದು ಸಾರ್," ಎಂದಳು ತಂಗಿಯ ಮಗಳು.

"ನೀನು ಸುಮ್ನಿರು. ಟೇಪಕ್ಕ, ಮುಖ ನಾವು ನೋಡ್ತೀವಿ. ನೀವು ಬಟ್ಟೆ ನೋಡಿ."

ಮೊದಲ ಚಿತ್ರದಲ್ಲಿ ಗಾಯಕ ಉದ್ದನೆಯ ಬೂದು ಕೋಟು ತೊಟ್ಟು ಸ್ಟೂಲಿನ ಮೇಲೆ ಕೂತಿದ್ದ. ಟೇಪಕ್ಕ ಕನ್ನಡಕ ಏರಿಸಿ ಅದನ್ನು ಅರ್ಧ ನಿಮಿಷ ನೋಡಿದಳು. "ಇದು ತಿರುವಿ ಹಾಕಿರೋ ಫೋಟೋ," ಎಂದಳು.

"ಅಂದ್ರೆ?"

"ಗಂಡಸರ ಕೋಟಿನಲ್ಲಿ ಎಡಮಗ್ಗುಲು ಮೇಲೆ ಬರುತ್ತೆ, ಗುಂಡಿ ಬಲಗಡೆ ಇರುತ್ತೆ. ಇಲ್ಲಿ ಬಲಮಗ್ಗುಲು ಮೇಲಿದೆ. ಕನ್ನಡೀಲಿ ನೋಡಿದ ಹಾಗೆ. ತಂಡದಲ್ಲಿದ್ದಾಗ ಇಂಥದೇ ಬೂದು ಕೋಟು ಹಾಕ್ತಿದ್ದ. ಆಗಿನ ಫೋಟೋನ ಎಡಬಲ ಮಾಡಿ ಹೊಸದು ಅಂತ ಬಿಟ್ಟಿದಾರೆ."

"ಕೆನ್ನೆ ಮೇಲಿನ ಮಚ್ಚೆ ಎಲ್ಲಿ ದೊಡ್ಡಮ್ಮ? ಅದನ್ನ ನೋಡಿದ್ರೆ ಗೊತ್ತಾಗುತ್ತಲ್ಲ."

"ಮಚ್ಚೆ ಅಳಿಸಿದಾರೆ. ಗುಂಡಿ ಅಳಿಸೋದು ಮರೆತಿದಾರೆ."

ಈ ಮಾತು ಮೇಷ್ಟ್ರಿಗೆ ಬಹಳ ಹಿಡಿಸಿತು. ಅಂದೇ ಸಂಜೆ ಅದು ಎರಡು ಸಾವಿರ ಜನರನ್ನು ಮುಟ್ಟಿತು. ಹೊಸ ಫೋಟೋ ಇಲ್ಲ ಎಂದರೆ ಹೊಸ ಹಾಡೂ ಇಲ್ಲ, ಅವನು ಸ್ಟುಡಿಯೋದ ಹೊಸಿಲು ತುಳಿದೇ ಇಲ್ಲ, ತಂಡದ ಆ ನಾಲ್ವರು ಹೇಳಿದ್ದೇ ನಿಜ, ಹೀಗೆ ಒಂದರಿಂದ ಒಂದು ಹೊರಟಿತು. ಮೇಷ್ಟ್ರು ಒಂದು ಬಹಿರಂಗ ಪತ್ರ ಬರೆದರು. ಫೋಟೋಗಳು ಹಳೆಯವೆಂದು ಅನುಭವಸ್ಥ ದರ್ಜಿಯೊಬ್ಬರು ಖಚಿತಪಡಿಸಿದ್ದಾರೆ, ಆಲ್ಬಮ್ ಎಂಬುದೇ ಇಲ್ಲ, ಗಾಯಕ ಅಭಿಮಾನಿಗಳಿಗೆ ಸುಳ್ಳು ಹೇಳುತ್ತಿದ್ದಾನೆ ಎಂದು ಅದರಲ್ಲಿತ್ತು. ಹನ್ನೆರಡು ದಿನದಲ್ಲಿ ಮುನ್ನೂರ ಹನ್ನೆರಡು ಸಹಿ ಬಿದ್ದವು. ಸೋಮವಾರ ಅದು ಪತ್ರಿಕೆಗಳಿಗೆ ಹೋಗಬೇಕಿತ್ತು.

ಅದರ ಹಿಂದಿನ ಶುಕ್ರವಾರ ನನ್ನ ಕೋಟಿನ ತೋಳು ಗಿಡ್ಡ ಮಾಡಿಸಲು ಹೋಗಿದ್ದೆ. ತಂಗಿಯ ಮಗಳು ಒಂದು ದೊಡ್ಡ ಸುರುಳಿ ಹಿಡಿದು ಬಂದಳು. ಕಂಪನಿ ತನ್ನ ತಾಣದಲ್ಲಿ ಹಾಕಿದ್ದ ಆ ಕೋಟಿನ ಫೋಟೋವನ್ನೇ ಬಾಗಿಲಗಲ ಮುದ್ರಿಸಿ ತಂದಿದ್ದಳು. ಅದರ ಮೇಲೆ ಕೆಂಪು ಶಾಯಿಯಲ್ಲಿ "ಸುಳ್ಳು" ಎಂದು ಬರೆದು, ಮಾರನೆಯ ದಿನ ಎಲ್ಲರೂ ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುವ ಯೋಜನೆ. ಪರದೆಯ ಸರಳಿಗೆ ಅದನ್ನು ತೂಗುಹಾಕಿ ಪೆನ್ನಿನ ಮುಚ್ಚಳ ತೆಗೆದಳು.

"ನಿಲ್ಲು," ಎಂದಳು ಟೇಪಕ್ಕ.

ಎದ್ದು ಹೋಗಿ ಚಿತ್ರದ ಎದೆಯ ಭಾಗಕ್ಕೆ ಮೂಗು ತಗಲುವಷ್ಟು ಹತ್ತಿರ ನಿಂತಳು. ಆಮೇಲೆ ತಿರುಗಿ, "ನಿಮ್ಮ ಕೋಟು ಕೊಡಿ ಮೇಡಂ," ಎಂದು ನನ್ನ ಕೋಟನ್ನು ತೆಗೆದುಕೊಂಡು ಚಿತ್ರದ ಪಕ್ಕ ಹಿಡಿದಳು. ಎದೆಯ ಕೆಳಗೆ ಬಟ್ಟೆಯನ್ನು ಓರೆಯಾಗಿ ಮಡಚಿ ಹಿಡಿಯುವ ಹೊಲಿಗೆಗೆ ದರ್ಜಿಗಳು ಟಕ್ಸ್ ಎನ್ನುತ್ತಾರೆ. ಹೆಂಗಸರ ಕೋಟಿನಲ್ಲಿ ಮಾತ್ರ ಅದು ಆ ಜಾಗದಲ್ಲಿರುತ್ತದೆ. ನನ್ನ ಕೋಟಿನಲ್ಲಿತ್ತು. ಚಿತ್ರದ ಕೋಟಿನಲ್ಲಿ ಹೊಲಿಗೆ ಇರಲಿಲ್ಲ. ಅದನ್ನು ಬಿಚ್ಚಿದ ಮೇಲೆ ಉಳಿಯುವ ಸೂಜಿ ತೂತುಗಳ ಸಾಲು, ಇಸ್ತ್ರಿಗೂ ಮಣಿಯದ ಮಡಿಕೆಯ ಗುರುತು, ಎರಡೂ ಸ್ಪಷ್ಟವಾಗಿದ್ದವು. ಪಕ್ಕದಲ್ಲೂ ಹೊಲಿಗೆ ಬಿಚ್ಚಿ ಬಟ್ಟೆ ಸಡಿಲ ಬಿಟ್ಟ ಗುರುತಿತ್ತು. ಫೋನಿನ ಅಂಗೈಯಗಲದ ಪರದೆಯಲ್ಲಿ ಇದೊಂದೂ ಕಂಡಿರಲಿಲ್ಲ.

"ಇದು ಹೆಂಗಸಿನ ಕೋಟು," ಎಂದಳು. "ಗಂಡಸಿನ ಮೈಗೆ ಆಗೋ ಹಾಗೆ ಸಡಿಲ ಬಿಟ್ಟಿದಾರೆ. ಹೆಂಗಸರ ಕೋಟಲ್ಲಿ ಬಲಮಗ್ಗುಲೇ ಮೇಲೆ ಬರೋದು, ಫೋಟೋ ತಿರುವಿಲ್ಲ. ಇದು ಆ ಹಳೇ ಕೋಟೂ ಅಲ್ಲ."

"ಯಾರ ಕೋಟು ದೊಡ್ಡಮ್ಮ? ಯಾಕೆ ಹಾಕ್ಕೊಂಡ?"

"ಅದು ನನಗೇನು ಗೊತ್ತು? ಗೊತ್ತಿಲ್ಲದ್ದನ್ನ ಹೇಳಿಯೇ ಇಲ್ಲೀವರೆಗೆ ಬಂದಿರೋದು."

ಬೇರೆ ಯಾರು ತಪ್ಪಿದ್ದರೂ ಕ್ಷಮಿಸಬಹುದಿತ್ತು. ಹದಿನೇಳು ವರ್ಷ ಟಕ್ಸ್ ಬಿಚ್ಚಿ ಕೂತವಳು ತಪ್ಪಿದ್ದಳು. ಆಕೆ ಹಣೆ ಬಡಿದುಕೊಳ್ಳಲಿಲ್ಲ, ಕಣ್ಣೀರು ಹಾಕಲಿಲ್ಲ. ಆ ಅಂಗಡಿಯಲ್ಲಿ ಒಂದು ಪದ್ಧತಿಯಿದೆ: ಕತ್ತರಿ ತಪ್ಪಿದರೆ ಆ ಬಟ್ಟೆಗೆ ಕೆಂಪು ಚೀಟಿ ಚುಚ್ಚಿ, ಗಿರಾಕಿ ಕಾಣುವ ಮೊದಲೇ ತಾನೇ ಹೇಳುವುದು. "ಇದಕ್ಕೂ ಚೀಟಿ ಚುಚ್ಚಬೇಕು," ಎಂದಷ್ಟೇ ಹೇಳಿ ನನ್ನ ತೋಳಿನ ಕೆಲಸ ಮುಗಿಸಿದಳು.

ಶನಿವಾರ ನಾನೂ ಹೋಗಿ ಕೂತೆ. ಟೇಪಕ್ಕ ಎಲ್ಲವನ್ನೂ ತೋರಿಸಿ ಹೇಳಿದ ಮೇಲೆ ಮೇಷ್ಟ್ರು ಫೋನಿನಲ್ಲಿ ಸಹಿಗಳ ಪಟ್ಟಿ ತೆಗೆದರು.

"ಮುನ್ನೂರ ಹನ್ನೆರಡು ಜನ ಸಹಿ ಹಾಕಿದಾರೆ ಟೇಪಕ್ಕ."

"ಅಷ್ಟೂ ಜನ ನನ್ನ ಕಣ್ಣು ನಂಬಿ ಹಾಕಿದ್ದು. ಪತ್ರ ಹೋಗಬಾರದು."

"ಒಂದು ಸಾಲು ತಪ್ಪಿರಬಹುದು. ಉಳಿದದ್ದು ನಿಜ ತಾನೆ?"

"ಉಳಿದದ್ದು ಏನಿದೆ? ತಡ ಆಗಿದೆ ಅನ್ನೋದು ಒಂದು ಬಿಟ್ಟು? ಲೆಕ್ಕದಲ್ಲಿ ಮೊದಲನೇ ಸಾಲು ತಪ್ಪಿದ್ರೆ ನೀವು ಮಾರ್ಕ್ಸ್ ಕೊಡ್ತೀರಾ?"

"ವಿಧಾನಕ್ಕೆ ಕೊಡ್ತೀವಿ."

"ಇಲ್ಲಿ ವಿಧಾನವೇ ಕೆಟ್ಟಿದೆ ಮೇಷ್ಟ್ರೇ. ಸೋಮಾರಿ ಅನ್ನಿಸಿಕೊಂಡು ಮೂರು ವರ್ಷ ಬಾಯಿ ಬಿಡದೆ ಇದ್ದೋನು. ಈಗ ಅವನ ಜನವೇ ಸುಳ್ಳುಗಾರ ಅಂತ ಅಚ್ಚು ಹಾಕಿಸಿದ್ರೆ ಆಮೇಲೆ ಯಾರು ಅಳಿಸ್ತಾರೆ?"

"ಟೇಪಕ್ಕ, ಎರಡು ವಾರದ ಹಿಂದೆ ನೀವು ಇಷ್ಟೇ ಗಟ್ಟಿಯಾಗಿ ಉಲ್ಟಾ ಹೇಳಿದ್ರಿ," ಎಂದಳು ಕಂಡಕ್ಟರಮ್ಮ. "ಮುಂದಿನ ಶನಿವಾರ ಅದು ಕೋಟೇ ಅಲ್ಲ, ಕಂಬಳಿ ಅಂದ್ರೆ?"

"ಅಂದ್ರೆ ಆಗಲೂ ನಾನೇ ಬಂದು ಹೇಳ್ತೀನಿ."

ಮೇಷ್ಟ್ರು ಎದ್ದರು. "ಸಹಿ ಹಾಕಿದವರು ವಾಪಸ್ ತಗೊಂಡ್ರೆ ನಿಲ್ಲಿಸ್ತೀನಿ. ನಿಮ್ಮೊಬ್ಬರ ಮಾತಿಗೆ ಆಗಲ್ಲ."

"ಹಾಗಾದ್ರೆ ಅವರಿಗೇ ಹೇಳ್ತೀನಿ. ಮಗಳೇ, ಫೋನ್ ತೆಗಿ, ವೀಡಿಯೋ ಮಾಡು."

"ನಗ್ತಾರೆ ದೊಡ್ಡಮ್ಮ."

"ನಗಲಿ. ಹಲ್ಲು ಅವರವು."

ವೀಡಿಯೋ ಮೂರನೆಯ ಸಲಕ್ಕೆ ಸರಿಯಾಯಿತು. ಮೊದಲನೆಯದರಲ್ಲಿ ಫೋನಿಗೆ ಬೆನ್ನು ಹಾಕಿ ಚಿತ್ರಕ್ಕೆ ಪಾಠ ಹೇಳಿದ್ದಳು. ಎರಡನೆಯದರಲ್ಲಿ ಗಿರಾಕಿಯೊಬ್ಬರು ಬಗ್ಗಿ ನೋಡಿ, ನನ್ನ ಜಿಪ್ ಆಯಿತೇ ಎಂದು ಕೇಳಿದರು. ಮೂರನೆಯದರಲ್ಲಿ ಆಕೆ ಟಕ್ಸ್ ಇರುವ ಒಂದು ಹಳೆಯ ಕೋಟು ತೋರಿಸಿ, ಆ ಟಕ್ಸ್ ಬಿಚ್ಚಿ, ಉಳಿದ ತೂತುಗಳನ್ನು ತೋರಿಸಿ, ಚಿತ್ರದ ತೂತುಗಳ ಮೇಲೆ ಬೆರಳಿಟ್ಟಳು. "ಫೋಟೋ ತಿರುವಿದೆ ಅಂತ ಹೇಳಿದ ದರ್ಜಿ ನಾನೇ. ನಾನು ಹೇಳಿದ್ದು ತಪ್ಪು. ನನ್ನ ಮಾತು ನಂಬಿ ಸಹಿ ಹಾಕಿದೋರು ವಾಪಸ್ ತಗೊಳ್ಳಿ. ಆಲ್ಬಮ್ ಇದೆಯೋ ಇಲ್ವೋ ನನಗೆ ಗೊತ್ತಿಲ್ಲ." ಒಂದೂಕಾಲು ನಿಮಿಷ. ಕ್ಷಮೆ ಎಂಬ ಪದ ಅದರಲ್ಲಿ ಎಲ್ಲೂ ಬರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಭಾನುವಾರ ಪೂರ್ತಿ ಬೈಗುಳ. ಕಣ್ಣಿಗೆ ಗುಂಡಿ ಹೊಲಿದುಕೊಂಡವಳು ಎಂದರು. ಕಂಪನಿಯವರು ಹೆದರಿಸಿದರಾ ಎಂದು ಕೇಳಿದರು. ತಂಗಿಯ ಮಗಳು ಒಂದೊಂದನ್ನೇ ಓದಿದಳು. ಟೇಪಕ್ಕ ಪ್ರಶ್ನೆ ಕೇಳಿದವರಿಗೆ ಮಾತ್ರ ಉತ್ತರ ಹೇಳಿ ಬರೆಸಿದಳು, ಬೈದವರಿಗೆ ಇಲ್ಲ. ಊಟದ ಹೊತ್ತಿಗೆ ಅರವತ್ತು ಜನ ಸಹಿ ಹಿಂತೆಗೆದುಕೊಂಡಿದ್ದರು. ಮಧ್ಯಾಹ್ನ ಹೆಚ್ಚೇನೂ ಆಗಲಿಲ್ಲ. ಸಂಜೆ ಬಟ್ಟೆ ಕಾರ್ಖಾನೆಯ ಹೆಂಗಸರು ಕೆಲವರು ಚಿತ್ರವನ್ನು ದೊಡ್ಡದು ಮಾಡಿ ನೋಡಿ, ತೂತು ನಿಜ, ಟಕ್ಸ್ ನಿಜ ಎಂದು ಬರೆದರು. ಅಲ್ಲಿಂದ ಸಹಿಗಳು ಜಾರತೊಡಗಿದವು.

ಸೋಮವಾರ ಬೆಳಗ್ಗೆ ಎಂಟೂವರೆಗೆ ಮೇಷ್ಟ್ರು ಅಂಗಡಿಯ ಮುಂದೆ ನಿಂತಿದ್ದರು. ಉಳಿದ ಸಹಿಗಳು ನಲವತ್ತೊಂದು.

"ಪತ್ರ ಕಳಿಸಲ್ಲ," ಎಂದರು. "ಖುಷಿಯಾಯ್ತಾ?"

"ಇಲ್ಲ. ಇನ್ನೊಂದು ಬರೀರಿ. ತಡ ಆಗಿರೋದಂತೂ ನಿಜ, ಅದನ್ನ ಕೇಳೋಣ. ಕೂತ್ಕೊಳ್ಳಿ."

ಶಾಲೆಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಮೇಷ್ಟ್ರು ಮುಖ ಗಂಟು ಹಾಕಿಕೊಂಡೇ ಸ್ಟೂಲಿನ ಮೇಲೆ ಕೂತು ಬರೆದರು: ಆಲ್ಬಮ್ ಯಾವಾಗ ಬರುತ್ತದೆ? ಮೂರು ಸಲ ಮುಂದೆ ಹೋದದ್ದು ಏಕೆ?

"ಏಕೆ ಅನ್ನೋದಕ್ಕೆ ಕೆಲವು ಊಹೆ ಸೇರಿಸಲಾ?"

"ಪ್ರಶ್ನೆ ಕೇಳಿ ಮೇಷ್ಟ್ರೇ. ಉತ್ತರವನ್ನೂ ನೀವೇ ಬರೀಬೇಡಿ."

ಮೊದಲ ಸಹಿ ಟೇಪಕ್ಕನದು. ಹೆಸರಿನ ಕೆಳಗೆ ಇನ್ನೊಂದು ಸಾಲನ್ನೂ ಬರೆದಳು: ಫೋಟೋ ಹಳೆಯದೆಂದು ತಪ್ಪು ಹೇಳಿದವಳು. ಮೇಷ್ಟ್ರು ಅದನ್ನು ಓದಿ, ಇದು ಬೇಡ, ಪತ್ರದ ತೂಕ ಕಡಿಮೆಯಾಗುತ್ತದೆ ಎಂದರು. ಆಕೆ ಕಾಗದವನ್ನು ಮಡಚಿ ಅವರ ಕೈಗೆ ಕೊಟ್ಟಳು. ಆ ಸಾಲು ಇದ್ದಂತೆಯೇ ಹೋಯಿತು.